ಸಮುದ್ರ ಕೇಳಿಸದ ಜಾಗ

ಗುಡ್ಡ ಹತ್ತುವುದಕ್ಕೆ ಒಂದು ಥರದ ಕಾಲು ಬೇಕು, ದೋಣಿಯಲ್ಲಿ ನಿಲ್ಲುವುದಕ್ಕೆ ಇನ್ನೊಂದು ಥರದ್ದು. ದಿನೇಶನಿಗೆ ದೇವರು ಕೊಟ್ಟದ್ದು ಎರಡನೆಯದು. ಅಲೆ ಎಷ್ಟೇ ಎತ್ತಿ ಒಗೆಯಲಿ, ಕೈಯಲ್ಲಿರುವ ಚಹಾ ಚೆಲ್ಲದ ಹಾಗೆ ನಿಲ್ಲಬಲ್ಲ ಗಂಡಸು ಮೊಂಡಗುಡ್ಡದ ಮೊದಲನೇ ಏರಿನಲ್ಲೇ ಒಂದು ಮತ್ತಿಮರವನ್ನು ತಬ್ಬಿಕೊಂಡು ಏದುಸಿರು ಬಿಡುತ್ತಿದ್ದ.

"ಎಂತ ಮಾರಾಯ, ಇಷ್ಟಕ್ಕೇ ಆತಾ?" ಮೇಲಿನ ತಿರುವಿನಲ್ಲಿ ನಿಂತ ಸುಜಯ ಕೇಳಿದ. "ಭಾನುವಾರ ಮದುವೆ ಇಟ್ಕಂಡವ ನೀನು. ಈ ಉಸಿರಲ್ಲಿ ತಾಳಿ ಕಟ್ಟುದು ಹ್ಯಾಂಗೆ?"

"ತಾಳಿ ಕಟ್ಟುವಾಗ ಯಾರೂ ಗುಡ್ಡ ಹತ್ತಿಸುದಿಲ್ಲ. ನಿಲ್ಲು ಸ್ವಲ್ಪ. ಈ ನೆಲ ಅಲ್ಲಾಡುದೇ ಇಲ್ಲ, ಅದೇ ನಂಗೆ ಕಷ್ಟ."

ಸುಜಯ ಶಿರಾಲಿಯವ. ಬಿಡುವು ಸಿಕ್ಕರೆ ಗುಡ್ಡ, ಇನ್ನಷ್ಟು ಬಿಡುವು ಸಿಕ್ಕರೆ ಇನ್ನೂ ದೊಡ್ಡ ಗುಡ್ಡ, ಅಂಥ ಹುಚ್ಚಿನ ಆಸಾಮಿ. ವರ್ಷದ ಹಿಂದೆ ಮಂಗಳೂರಿನ ಕೆಲಸ ಬಿಟ್ಟು ಮುರ್ಡೇಶ್ವರದ ಹೋಟೆಲೊಂದರ ಕೌಂಟರಿಗೆ ಬಂದು ಕೂತಿದ್ದ. ಅಲ್ಲಿಗೆ ಮೀನು ಕೊಡಲು ಹೋಗುತ್ತಿದ್ದ ದಿನೇಶನಿಗೂ ಅವನಿಗೂ ಅದು ಹೇಗೋ ಗೆಳೆತನ ಗಂಟುಬಿದ್ದಿತ್ತು. ಮದುವೆಯಾದ ಮೇಲೆ ನೀನು ಕೈಗೆ ಸಿಗುವವನಲ್ಲ ಎಂದು ಹಟ ಹಿಡಿದು, ಬೈಕಿನ ಹಿಂದೆ ಕೂರಿಸಿಕೊಂಡು, ಹೊನ್ನಾವರ ದಾಟಿಸಿ ಒಳರಸ್ತೆ ಹಿಡಿದು, ಗುಡ್ಡದ ಬುಡದ ಮನೆಯೊಂದರ ಅಂಗಳದಲ್ಲಿ ಬೈಕು ಬಿಟ್ಟು, ಅಲ್ಲಿಂದ ಮೇಲೆ ಅಕ್ಷರಶಃ ಎಳೆದುಕೊಂಡೇ ಬಂದಿದ್ದ.

ಈ ಗುಡ್ಡವನ್ನು ದಿನೇಶ ಹುಟ್ಟಿದಾಗಿನಿಂದ ನೋಡಿದ್ದಾನೆ, ಆದರೆ ಯಾವಾಗಲೂ ನೀರಿನ ಕಡೆಯಿಂದ. ದೂರ ಹೋದ ಹಾಗೆ ಮನೆ, ತೆಂಗು, ಗೋಪುರ ಎಲ್ಲ ಮುಳುಗಿ ಕೊನೆಗೆ ಉಳಿಯುವುದು ಇದರ ಮುರಿದ ನೆತ್ತಿಯೊಂದೇ. ಅದು ಹೊಳೆಬಾಯಿಯ ನೇರಕ್ಕೆ ಬಂದರೆ ಕೆಳಗೆ ಬಂಡೆಯಿದೆ, ಬಂಡೆಯಿದ್ದಲ್ಲಿ ಮೀನಿದೆ ಎಂದು ಲೆಕ್ಕ. ಈಗ ಮೊಬೈಲಿನಲ್ಲಿ ದಾರಿ ತೋರಿಸುವ ಯಂತ್ರ ಬಂದರೂ ದೋಣಿ ಹೊರಟಾಗ ಎಲ್ಲರೂ ಒಮ್ಮೆ ಗುಡ್ಡದ ಕಡೆ ತಿರುಗಿ ಕೈ ಮುಗಿಯುತ್ತಾರೆ. ಹತ್ತಿ ನೋಡಬೇಕು ಎಂದು ಮಾತ್ರ ಒಬ್ಬನಿಗೂ ಅನಿಸಿದ್ದಿಲ್ಲ. ಗೋಡೆಯ ಗಡಿಯಾರ ನೋಡುವವರು ಅದರ ಮೇಲೆ ಹತ್ತಿ ಕೂರುತ್ತಾರೆಯೇ?

ಏರು ಮುಗಿದು ಸ್ವಲ್ಪ ಸಮತಟ್ಟು ಸಿಕ್ಕಿದ ಮೇಲೆ ದಿನೇಶನಿಗೆ ಉಸಿರು ಬಂತು, ಉಸಿರಿನ ಜೊತೆ ಮಾಲಿನಿಯ ನೆನಪೂ ಬಂತು. ಈಚೆಗೆ ಹಾಗೇ ಆಗಿತ್ತು ಅವನಿಗೆ. ಬಲೆ ಎಳೆಯುವಾಗ ಮಾಲಿನಿ, ಬಲೆ ಬಿಡಿಸುವಾಗ ಮಾಲಿನಿ. ಇಷ್ಟು ವಯಸ್ಸಾದ ಮೇಲೆ ಇದೇನು ಹುಡುಗಾಟ ಎಂದು ತನ್ನಷ್ಟಕ್ಕೆ ನಾಚಿಕೊಳ್ಳುತ್ತಿದ್ದ, ಆದರೆ ಖುಷಿಯೂ ಇತ್ತು.

ಆ ಖುಷಿ ಸುಮ್ಮನೆ ಬಂದದ್ದಲ್ಲ. ಮಾಲಿನಿ ಅವನ ಗೆಳೆಯ ನರೇಶನ ಹೆಂಡತಿ. ನರೇಶ ದೋಣಿ ನಡೆಸುವ ತಾಂಡೇಲ, ದಿನೇಶ ಅವನ ಬಲಗೈ. ಮೂರು ವರ್ಷದ ಹಿಂದೆ, ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಇಳಿದ ಹೊಸತರಲ್ಲಿ, ಹೊನ್ನಾವರದ ಹೊಳೆಬಾಯಿಗೆ ತಿರುಗಿ ಬರುವಾಗ ಮೋಡ ಕವಿದು ಗುಡ್ಡವೇ ಕಾಣದಾಯಿತು. ಹೊಳೆಬಾಯಿಯ ಅಲೆ ದೋಣಿಯನ್ನು ಮಗುಚಿ ಹಾಕಿತು. ದಿನೇಶ ಒಂದು ಪ್ಲಾಸ್ಟಿಕ್ ಕ್ಯಾನು ತಬ್ಬಿಕೊಂಡು ದಡ ಕಂಡ. ನರೇಶ ಬರಲಿಲ್ಲ. ಜಟ್ಟನೂ ಬರಲಿಲ್ಲ. ಜಟ್ಟ ಅಂದರೆ ಮಾಲಿನಿಯ ತಮ್ಮ, ತಾಯಿ ಹೋದ ಮೇಲೆ ಅವಳೇ ಉಣ್ಣಿಸಿ ಬೆಳೆಸಿದ ಹುಡುಗ. ಅವನನ್ನು ದೋಣಿಗೆ ಹತ್ತಿಸಬೇಡಿ ಎಂದು ಅವಳು ಗಂಡನ ಹತ್ತಿರ ಎಷ್ಟು ಹೇಳಿದ್ದಳು. ನರೇಶ ಕೇಳಿರಲಿಲ್ಲ.

ಹುಡುಕಿದರು, ಹುಡುಕದೆ ಇರುತ್ತಾರೆಯೇ. ಆ ತಿಂಗಳಲ್ಲಿ ನೀರು ತೆಂಕಕ್ಕೆ ಎಳೆಯುತ್ತದೆ ಎಂಬುದು ಆ ದಂಡೆಯ ಸಣ್ಣ ಮಗುವಿಗೂ ಗೊತ್ತು. ಹಾಗಾಗಿ ಹೊಳೆಬಾಯಿಯಿಂದ ಭಟ್ಕಳದ ಆಚೆಯವರೆಗೆ ತೆಂಕಣ ದಂಡೆಯ ಬಂಡೆ ಬಂಡೆಯನ್ನೂ ಹುಡುಕಿದರು. ಬಡಗಕ್ಕೆ, ಕುಮಟೆಯ ಕಡೆಗೆ, ಒಬ್ಬನೂ ಕಾಲಿಡಲಿಲ್ಲ. ಸಮುದ್ರ ಗೊತ್ತಿಲ್ಲದವರಾಗಿದ್ದರೆ ಎರಡೂ ಕಡೆ ಹುಡುಕುತ್ತಿದ್ದರು. ಇವರು ಗೊತ್ತಿದ್ದವರು ನೋಡಿ, ಒಂದೇ ಕಡೆ ಹುಡುಕಿದರು. ಕೊನೆಗೆ ಹೆಣ ಸಿಗದವರಿಗೆ ಮಾಡುವ ಕ್ರಮದಂತೆ ದರ್ಭೆಯ ಎರಡು ಬೊಂಬೆ ಮಾಡಿ ದಂಡೆಯಲ್ಲಿ ಸುಟ್ಟರು. ಒಡಹುಟ್ಟಿದವರಿಲ್ಲದ ನರೇಶನ ಬೊಂಬೆಗೆ ಬೆಂಕಿ ಕೊಟ್ಟವನು ದಿನೇಶನೇ.

ಆಮೇಲೆ ಮಾಲಿನಿಯ ಮನೆಗೆ ಮೀನು ಕೊಟ್ಟು ಬರುವುದು, ಮಾಡಿನ ಹೆಂಚು ಸರಿ ಮಾಡುವುದು, ಹೀಗೆ ಶುರುವಾದದ್ದು. ಅವಳು ಅವನನ್ನು ಕರೆಯುತ್ತಿದ್ದದ್ದು ದಿನೇಶಣ್ಣ ಎಂದು. ಆ 'ಅಣ್ಣ' ಬಿದ್ದುಹೋಗಲು ಎರಡು ಮಳೆಗಾಲ ಹಿಡಿಯಿತು. ಒಂದು ದಿನ ಅವಳು ಬರೀ "ದಿನೇಶ" ಎಂದು ಕರೆದು, ಕರೆದದ್ದಕ್ಕೆ ತಾನೇ ಬೆಚ್ಚಿ ಒಳಗೆ ಹೋಗಿದ್ದಳು. ಮದುವೆಗೆ ಒಪ್ಪುವ ಮುಂಚೆ ಅವಳು ಕೇಳಿದ್ದು ಒಂದೇ ಮಾತು: "ಹೆಣ ನೋಡ್ಲಿಲ್ಲ ನಾವು. ಅಂವ ಬಂದ್ರೆ?"

"ಬರುದಿಲ್ಲ ಮಾಲಿನಿ. ಅಂವ ಮುಳುಗಿದ್ದು ನಾ ಕಣ್ಣಾರೆ ಕಂಡಿದ್ದೆ," ಎಂದಿದ್ದ ದಿನೇಶ. ಸುಳ್ಳು ಹೇಳಿರಲಿಲ್ಲ. ನರೇಶನ ತಲೆ ಅಲೆಯಡಿ ಹೋದದ್ದನ್ನು ಕಂಡಿದ್ದ, ಮೇಲೆ ಬಂದದ್ದನ್ನು ಕಂಡಿರಲಿಲ್ಲ. ಆ ಮಾತಿನ ಮೇಲೆಯೇ ಭಾನುವಾರದ ಮದುವೆ ನಿಂತಿತ್ತು.

ನೆತ್ತಿ ಮುಟ್ಟಿದಾಗ ಬಿಸಿಲು ಚುರುಕಾಗಿತ್ತು. ಒಣಗಿದ ಹುಲ್ಲು, ಬೋಳು ಬಂಡೆ, ಹೊಡೆದು ಹಾಕುವ ಗಾಳಿ. ಕೆಳಗೆ ಇಡೀ ಕರಾವಳಿ ಚಾಪೆ ಬಿಚ್ಚಿದಂತೆ ಬಿದ್ದುಕೊಂಡಿತ್ತು. ದಿನೇಶನ ಕಣ್ಣು ತಾನಾಗಿ ಹೊಳೆಬಾಯಿಯನ್ನು ಹುಡುಕಿ ಹೋಯಿತು. ಅಲ್ಲಿ ನೊರೆಯ ಒಂದು ಬಿಳಿ ಗೆರೆ ಮೂಡಿತು, ಅಳಿಸಿತು, ಮತ್ತೆ ಮೂಡಿತು. ಸದ್ದೇ ಇಲ್ಲ. ಇಬ್ಬರನ್ನು ನುಂಗಿದ ಜಾಗ ಹೀಗೆ ಬಾಯಿ ಮುಚ್ಚಿಕೊಂಡು ಇರುವುದನ್ನು ನೋಡಿ ಅವನಿಗೆ ಸಿಟ್ಟು ಬಂತು. ಸುಜಯ ಫೋಟೊ ತೆಗೆಯುತ್ತಿದ್ದ, ನಗು ಎಂದ. ದಿನೇಶ ನಕ್ಕ.

"ಬಾ, ಇನ್ನು ಆರಾಮ," ಎಂದ ಸುಜಯ. "ಕೆಳಗೆ ಝರಿ ಇದೆ. ತಿಮ್ಮಣ್ಣನ ಚಪ್ಪರ ಇದೆ. ಅವನ ಚಹಾ ಕುಡಿದ್ರೆ ಹತ್ತಿದ್ದೆಲ್ಲ ಮರ್ತುಹೋಗ್ತದೆ."

ನೆತ್ತಿಯಿಂದ ಸ್ವಲ್ಪ ಇಳಿದರೆ ಮರಗಳ ನಡುವೆ ಝರಿ, ಪಕ್ಕದಲ್ಲಿ ನೀಲಿ ತಾಡಪಾಲು ಕಟ್ಟಿದ ಚಪ್ಪರ. ಗುಡ್ಡ ಹತ್ತುವವರಿಗೆ ಚಹಾ, ಆಮ್ಲೆಟ್ ಮಾಡಿ ಕೊಡುವ ಜಾಗ. ಹೊಗೆಯ ಹಿಂದೆ ಯಾರೋ ಬಗ್ಗಿ ಒಲೆ ಊದುತ್ತಿದ್ದ. ಸುಜಯ "ತಿಮ್ಮಣ್ಣ, ಎರಡು ಚಹಾ" ಎಂದು ಹೇಳಿ ಬೂಟು ಕಳಚಿ ನೀರಿಗೆ ಕಾಲು ಇಳಿಬಿಟ್ಟ. ದಿನೇಶನೂ ಕಾಲು ಬಿಟ್ಟ. ಹಾ, ಜೀವ ಬಂದಂತಾಯಿತು. ಹಾಗೇ ಬಂಡೆಯ ಮೇಲೆ ಅಂಗಾತ ಬಿದ್ದುಕೊಂಡ. ಬೆಳಗಿನಿಂದ ಮೊದಲ ಸಲ ಅವನಿಗೆ ಗುಡ್ಡದ ಮೇಲೆ ಪ್ರೀತಿ ಬಂತು.

ಬಿದ್ದುಕೊಂಡಲ್ಲಿಂದ ತಾಡಪಾಲಿನ ಹಗ್ಗ ನೇರ ಕಣ್ಣಿಗೆ ಬೀಳುತ್ತಿತ್ತು. ನೋಡಿ ನಗು ಬಂತು. ಬಲೆಯ ಹಗ್ಗ, ದೋಣಿಯವರ ಗಂಟು. ಇಷ್ಟು ಎತ್ತರದಲ್ಲಿ ನಮ್ಮವರ ಗಂಟು ಯಾರು ಕಟ್ಟಿದರಪ್ಪ ಎಂದುಕೊಂಡ. ಹೇಳಿ ಸುಜಯನನ್ನೂ ನಗಿಸೋಣ ಎಂದು ಬಾಯಿ ತೆರೆದವನು ಅಲ್ಲೇ ತಡೆದ. ಗಂಟು ಎಡಕ್ಕೆ ಸುತ್ತಿತ್ತು. ಉಳಿದ ತುದಿಯನ್ನು ತಿರುಗಿಸಿ ಒಳಗೆ ಎರಡು ಸಲ ತುರುಕಿತ್ತು. ಪಕ್ಕದ ಕಂಬದಲ್ಲೂ ಹಾಗೇ. ಅದರಾಚೆಯದರಲ್ಲೂ ಹಾಗೇ.

ಎಡಕ್ಕೆ ಸುತ್ತಿ ತುದಿ ಎರಡು ಸಲ ತುರುಕುವ ಒಬ್ಬನನ್ನು ದಿನೇಶ ಬಲ್ಲ. ಎಡಗೈಯವ. ನಿನ್ನ ಗಂಟು ಬಿಚ್ಚಲಿಕ್ಕೆ ನಿನ್ನನ್ನೇ ಕರೆಯಬೇಕು ಎಂದು ದೋಣಿಯವರೆಲ್ಲ ಬೈಯುತ್ತಿದ್ದರು.  ಇಲ್ಲ, ಯಾರೋ ಅವನಿಂದ ಕಲಿತವರಿರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಳ್ಳುತ್ತಿರುವಾಗಲೇ ಚಪ್ಪರದಿಂದ ಎರಡು ಲೋಟ ಹಿಡಿದ ಗಡ್ಡದ ಮನುಷ್ಯ ಹೊರಗೆ ಬಂದ.

ಗಡ್ಡ ಇತ್ತು, ಕೂದಲು ನರೆತಿತ್ತು, ಮೈ ಅರ್ಧವಾಗಿತ್ತು. ಆದರೆ ಆ ಹಣೆಯ ಮೇಲಿನ ಕಲೆ, ಹಿಂದೆ ಬಲೆಯ ಕಲ್ಲು ಬಡಿದಾಗ ದಿನೇಶನೇ ಅರಸಿನ ಒತ್ತಿ ರಕ್ತ ನಿಲ್ಲಿಸಿದ್ದ ಕಲೆ. ಅದು ಎಲ್ಲಿಗೆ ಹೋದೀತು. ಆ ಮನುಷ್ಯನೂ ದಿನೇಶನನ್ನು ನೋಡಿದ. ಲೋಟಗಳು ಓರೆಯಾದವು. ಬಿಸಿ ಚಹಾ ಬೆರಳ ಮೇಲೆ ಹರಿದು ನೆಲಕ್ಕೆ ಬಿತ್ತು, ಅವನಿಗೆ ಗೊತ್ತೇ ಆಗಲಿಲ್ಲ.

ದಿನೇಶ ಏಳಬೇಕು ಎಂದುಕೊಂಡ, ಸೊಂಟ ಕೇಳಲಿಲ್ಲ.  ಬೊಂಬೆಗೆ ಬೆಂಕಿ ಹಿಡಿದಾಗ ಬಂದ ಒಣ ಹುಲ್ಲಿನ ವಾಸನೆ ಎಲ್ಲಿಂದಲೋ ಮೂಗಿಗೆ ಬಂತು.

"ಎಂತ ತಿಮ್ಮಣ್ಣ, ಚಹಾ ಎಲ್ಲ ನೆಲಕ್ಕೇ ಕುಡಿಸ್ತೆಯಾ?" ಎಂದ ಸುಜಯ. ಅವನಿಗೇನು ಗೊತ್ತು ಪಾಪ, ನರೇಶನ ಮುಖ ಅವನು ಕಂಡವನೇ ಅಲ್ಲ. "ಇವ ನನ್ನ ದೋಸ್ತ, ಮುರ್ಡೇಶ್ವರದವ. ಭಾನುವಾರ ಮದುವೆ ಇವಂದು. ಪುಣ್ಯದ ಕೆಲಸ ಮಾಡ್ತಿದ್ದಾನೆ ಮತ್ತೆ. ಹುಡುಗಿ ಮಾಲಿನಿ ಅಂತ. ಮೊದಲಿನ ಗಂಡ ಸಮುದ್ರದಲ್ಲಿ ಹೋದ, ಒಬ್ಬ ತಮ್ಮ ಇದ್ದ, ಅಂವನೂ ಅದೇ ದಿನ ಹೋದ. ಇಷ್ಟು ವರ್ಷ ಅವಳನ್ನ ಕಾದ ನೋಡು ಇವ."

ದಿನೇಶ ಕಣ್ಣು ಮುಚ್ಚಿದ. ಒಂದೊಂದು ಮಾತೂ ಗಾಯಕ್ಕೆ ಉಪ್ಪು ಸವರಿದ ಹಾಗೆ ಬೀಳುತ್ತಿತ್ತು, ಯಾರ ಗಾಯಕ್ಕೆ ಎಂಬುದು ಮಾತ್ರ ಗೊತ್ತಾಗುತ್ತಿರಲಿಲ್ಲ. ಗಡ್ಡದವನು ಲೋಟಗಳನ್ನು ಬಂಡೆಯ ಮೇಲೆ ಇಟ್ಟ.

"ಒಳ್ಳೇದಾತು," ಎಂದ ಆಮೇಲೆ. ಅದೇ ಧ್ವನಿ. ಅನುಮಾನಕ್ಕೆ ಇದ್ದ ಕೊನೆಯ ಸಂದೂ ಮುಚ್ಚಿಹೋಯಿತು.

ಸುಜಯ ಚಹಾ ಮುಗಿಸಿ, ಅಂಗಿ ಕಳಚಿ, ಸ್ನಾನ ಮಾಡುತ್ತೇನೆಂದು ಝರಿಯ ಕೆಳಗಿನ ಹೊಂಡಕ್ಕೆ ಇಳಿದು ಹೋದ. ಅವನು ನೀರಿಗೆ ಬಿದ್ದ ಸದ್ದು ಕೇಳಿದ ಮೇಲೆ ದಿನೇಶ ಎದ್ದು ಚಪ್ಪರದ ಒಳಗೆ ಹೋದ.

"ನಿನ್ನ ಬೊಂಬೆ ಸುಟ್ಟವ ನಾನು," ಎಂದ. ಇಷ್ಟು ವರ್ಷದ ಮೇಲೆ ಬಂದ ಮೊದಲ ಮಾತು ಅದು.

"ಗೊತ್ತು. ನೀನಲ್ದೆ ಮತ್ಯಾರು ಸುಡ್ತಾರೆ."

"ಗೊತ್ತಿತ್ತು, ಆದ್ರೂ ಇಲ್ಲಿ ಕೂತು ಚಹಾ ಮಾಡ್ತಿದ್ದೆ. ತೆಂಕ ದಂಡೆ ಪೂರ್ತಿ ಹುಡುಕಿದ್ದೇವೆ ನಾವು. ಮಾಲಿನಿ ಊಟ ಬಿಟ್ಟು ದಂಡೆಯಲ್ಲಿ ಕೂತಿದ್ಲು. ಎಂತ ಮನುಷ್ಯ ನೀನು?"

ನರೇಶ ಒಲೆಯ ಕಡೆ ನೋಡುತ್ತಿದ್ದ. "ಹೊಳೆನೀರು ನನ್ನ ಬಡಗು ದಂಡೆಗೆ ಒಗೆದಿತ್ತು," ಎಂದ ನಿಧಾನಕ್ಕೆ. "ಜಟ್ಟನ ಕೈ ನನ್ನ ಕೈಯಲ್ಲಿತ್ತು ದಿನೇಶ. ಬಿಡ್ಬೇಡ ಭಾವ ಅಂದ. ನಾ ಬಿಡ್ಲಿಲ್ಲ, ಅಲೆ ಬಿಡಿಸ್ತು. ದಂಡೆಗೆ ಬಿದ್ದಾಗ ಕೈ ಖಾಲಿ. ಮನೆಗೆ ಹೋಗ್ಬೇಕು ಅಂತ ಎದ್ದೆ. ಬಾಗ್ಲಲ್ಲಿ ಅವಳು ನಿಂತಿರ್ತಾಳೆ. ಮೊದ್ಲು ಕೇಳುದು ಎಂತ? ಜಟ್ಟ ಎಲ್ಲಿ ಅಂತ ಕೇಳ್ತಾಳೆ. ಅದೊಂದು ಪ್ರಶ್ನೆಗೆ ಯಾವ ಮುಖ ಇಟ್ಕಂಡು ನಿಲ್ಲಲಿ? ಬೇಡ ಬೇಡ ಅಂದ್ರೂ ಅವನ್ನ ದೋಣಿ ಹತ್ತಿಸಿದವ ನಾನು."

"ಅದಕ್ಕೆ ಓಡಿಹೋದೆ."

"ಸಮುದ್ರಕ್ಕೆ ಬೆನ್ನು ಹಾಕಿ ನಡೆದೆ. ಕುಮಟೆ ಹತ್ರ ಹೊಳನಗದ್ದೆಯಲ್ಲಿ ಗದ್ದೆ ಕೆಲಸಕ್ಕೆ ನಿಂತೆ. ಅಲ್ಲೂ ಮಲಗಿದ್ರೆ ಅಲೆ ಕೇಳ್ತಿತ್ತು, ಅಲೆ ಒಳಗೆ ಅವನ ಕೂಗು. ಇಲ್ಲಿಗೆ ಬಂದೆ. ಇಲ್ಲಿ ಸಮುದ್ರ ಕಾಣ್ತದೆ, ಕೇಳ್ಸುದಿಲ್ಲ. ಸಂಜೆ ದೋಣಿಗಳ ದೀಪ ಕಾಣ್ತದೆ. ನಿಂದು ಯಾವುದು ಅಂತ ಗೊತ್ತಾಗುದಿಲ್ಲ, ಎಲ್ಲದಕ್ಕೂ ಒಮ್ಮೆ ಕೈ ಮುಗಿತೆ."

ದಿನೇಶನಿಗೆ ಅವನ ಕೆನ್ನೆಗೆ ಬಾರಿಸಬೇಕು ಅನಿಸಿತು. ತಬ್ಬಿಕೊಂಡು ಅಳಬೇಕು ಎಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ. ಇಷ್ಟು ವರ್ಷ ದಿನಾ ದೋಣಿಯಿಂದ ಇವನು ಗುಡ್ಡಕ್ಕೆ ಕೈ ಮುಗಿದದ್ದು, ಗುಡ್ಡದಿಂದ ಅವನು ದೋಣಿಗೆ ಮುಗಿದದ್ದು. ನೆನೆದರೆ ತಲೆ ತಿರುಗುತ್ತಿತ್ತು.

"ನೀ ಮದುವೆ ಆಗು," ಎಂದ ನರೇಶ. "ನರೇಶ ಸತ್ತ. ನೀನೇ ಸುಟ್ಟೆ. ಇಲ್ಲಿ ಇರುವವ ತಿಮ್ಮ. ಯಾರಿಗೂ ಹೇಳ್ಬೇಡ. ಅವಳು ಸುಖವಾಗಿರ್ಲಿ."

ಆ ಮಾತು ಕೇಳಿದ್ದೇ ದಿನೇಶನ ಎದೆಯ ಮೇಲಿಂದ ಕಲ್ಲು ಇಳಿದಂತಾಯಿತು. ಹೌದು, ಆಯಿತು. ಸಮಾಧಾನ, ಖುಷಿ ಅಂತಲೇ ಹೇಳಬೇಕು. ಸತ್ತನೆಂದು ಅತ್ತ ಗೆಳೆಯ ಕಣ್ಣೆದುರು ಬದುಕಿ ನಿಂತಿರುವಾಗ, ಅವನು ಸತ್ತೇ ಇರುತ್ತೇನೆ ಎಂದದ್ದಕ್ಕೆ ಖುಷಿಪಟ್ಟ ತನ್ನನ್ನು ಕಂಡು ದಿನೇಶನಿಗೆ ಅಸಹ್ಯ ಹುಟ್ಟಿತು. ಚಪ್ಪರದಿಂದ ಹೊರಗೆ ಬಂದ. ಹಿಂದಿನಿಂದ ನರೇಶ ಕೇಳಿದ:

"ಹ್ಯಾಂಗಿದ್ದಾಳೆ ಅವಳು?"

ದಿನೇಶ ಸುಜಯನ ಬೂಟು ಎತ್ತಿಕೊಂಡು ಹೊಂಡದ ಕಡೆ ಇಳಿದ.

ಇಳಿಯುವಾಗ ಸುಜಯ ಒಂದೇ ಸಮನೆ ಮಾತಾಡುತ್ತಿದ್ದ, ಮುಂದಿನ ಸಲ ಮಾಲಿನಿಯನ್ನೂ ಕರೆದುಕೊಂಡು ಬರೋಣ ಎಂದ. ದಿನೇಶ ಮಂಡಿ ನೋವು ಎಂದ. ಬೈಕಿನ ಹಿಂದೆ ಕೂತು ಹೊನ್ನಾವರದ ಸೇತುವೆ ದಾಟುವವರೆಗೂ ಒಂದೇ ಲೆಕ್ಕ. ಗೊತ್ತಿರುವುದು ತನಗೆ ಮತ್ತು ನರೇಶನಿಗೆ. ನರೇಶ ಇಳಿದು ಬರುವವನಲ್ಲ. ತಾನು ಬಾಯಿ ಬಿಡದಿದ್ದರೆ ಭಾನುವಾರ ತಾಳಿ, ಸೋಮವಾರದಿಂದ ಸಂಸಾರ. ಯಾರಿಗೆ ನಷ್ಟ? ಸೇತುವೆಯ ಮೇಲೆ ಪಶ್ಚಿಮದ ಗಾಳಿ ಮುಖಕ್ಕೆ ಹೊಡೆಯಿತು, ಗಾಳಿಯ ಜೊತೆ ಹೊಳೆಬಾಯಿಯ ಅಲೆಯ ಸದ್ದು ಬಂತು. ಅಂವ ಬಂದ್ರೆ ಎಂದು ಕೇಳಿದ್ದ ಮಾಲಿನಿಯ ಮುಖ ಕಣ್ಣಮುಂದೆ ಬಂತು. ಅವಳು ನಂಬಿದ್ದು ಇವನ ಕಣ್ಣನ್ನು. ಇನ್ನು ಮೇಲೆ ದಿನಾ ಆ ಕಣ್ಣಿನಿಂದಲೇ ಅವಳನ್ನು ನೋಡಬೇಕಲ್ಲ.

ಮುರ್ಡೇಶ್ವರ ಮುಟ್ಟಿದಾಗ ಹೊತ್ತು ಇಳಿದಿತ್ತು. ಮಾಲಿನಿ ಮನೆಯೆದುರಿನ ಮರಳಲ್ಲಿ ಚಾಪೆಯ ಮೇಲೆ ಒಣಗಿದ ಮೀನನ್ನು ಇಬ್ಬನಿ ಬೀಳುವ ಮುಂಚೆ ಬುಟ್ಟಿಗೆ ತುಂಬುತ್ತಿದ್ದಳು. ದಿನೇಶ ಕಾಲೆಳೆಯುತ್ತಾ ಬರುವುದನ್ನು ಕಂಡು ನಕ್ಕಳು. ಮದುವೆ ಗೊತ್ತಾದ ಮೇಲೆ ಅವಳ ನಗು ತಿರುಗಿ ಬಂದಿತ್ತು, ಓಣಿಯವರೆಲ್ಲ ಅದನ್ನೇ ಹೇಳುತ್ತಿದ್ದರು.

"ಹಳೇ ಮುದುಕನ ಹಾಗೆ ಬತ್ತಿದ್ಯಲ್ಲ. ಕೂತ್ಕ, ಬಿಸಿನೀರು ಕೊಡ್ತೆ, ಕಾಲಿಗೆ ಹಾಕು," ಎಂದಳು. "ಮೇಲಿಂದ ಸಮುದ್ರ ಕಾಣ್ತದಾ?"

"ಕಾಣ್ತದೆ."

"ಮತ್ತೆ ಎಂತ ಇತ್ತು ಅಲ್ಲಿ?"

ದಿನೇಶ ಕೂರಲಿಲ್ಲ. ಕೂತರೆ ಬಿಸಿನೀರು ಬರುತ್ತದೆ, ಆಮೇಲೆ ಊಟ ಬರುತ್ತದೆ, ಆಮೇಲೆ ಈ ಮಾತು ಜನ್ಮದಲ್ಲಿ ಹೊರಗೆ ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

"ನರೇಶ ಇದ್ದ," ಎಂದ. "ಜೀವಂತ ಇದ್ದಾನೆ ಮಾಲಿನಿ. ನಾ ಮಾತಾಡ್ಸಿ ಬಂದೆ."

ಅವಳ ಮುಖದಲ್ಲಿ ನಗು ಇನ್ನೂ ಇತ್ತು, ತೆಗೆಯಲು ಮರೆತುಹೋದವಳ ಹಾಗೆ. ಕೈಯಲ್ಲಿದ್ದ ಬುಟ್ಟಿ ಜಾರಿತು. ಒಣಮೀನು ಮರಳಲ್ಲಿ ಚೆಲ್ಲಿತು.  ಆಮೇಲೆ ಇದ್ದಕ್ಕಿದ್ದಂತೆ ಅವಳ ಕಣ್ಣು ಬೆಳಗಿತು. ದಿನೇಶ ಅಂಥ ಬೆಳಕನ್ನು ಆ ಕಣ್ಣಲ್ಲಿ ಯಾವತ್ತೂ ಕಂಡಿರಲಿಲ್ಲ. ಅವಳು ಓಡಿಬಂದು ಎರಡೂ ಕೈಯಿಂದ ಅವನ ಅಂಗಿ ಹಿಡಿದಳು.

"ಜಟ್ಟ?" ಎಂದಳು. "ಜಟ್ಟನೂ ಇದ್ದಾನಾ? ದಿನೇಶಣ್ಣ, ನನ್ನ ಜಟ್ಟ?"

 ಇದೊಂದು ಪ್ರಶ್ನೆಗೆ ಹೆದರಿ ಒಬ್ಬ ಮನುಷ್ಯ ಹೆಂಡತಿ, ಮನೆ, ಹೆಸರು ಎಲ್ಲ ಬಿಟ್ಟು ಗುಡ್ಡ ಹತ್ತಿ ಕೂತಿದ್ದ. ಈಗ ಅದು ದಿನೇಶನ ಅಂಗಿ ಹಿಡಿದು ನಿಂತಿತ್ತು. ಯಾಕೆ ಓಡಿಹೋದ ಎಂಬುದು ಅವನಿಗೆ ಈಗ ಪೂರ್ತಿ ತಿಳಿಯಿತು. ತಾನೂ ಓಡಬೇಕು ಅನಿಸಿತು.

"ಇಲ್ಲ ಮಾಲಿನಿ," ಎಂದ. "ಜಟ್ಟ ಇಲ್ಲ. ನರೇಶ ಅವನ ಕೈ ಹಿಡ್ಕಂಡಿದ್ದ. ಅಲೆ ಬಿಡಿಸ್ತು."

ಅಂಗಿ ಹಿಡಿದ ಕೈ ಸಡಿಲವಾಗಲಿಲ್ಲ, ಇನ್ನೂ ಬಿಗಿಯಾಯಿತು. ಅವಳು ಅಳಲಿಲ್ಲ. ಅವನ ಭುಜದಾಚೆ, ಮನೆಯ ಮಾಡಿನಾಚೆ, ಬಡಗಿನ ಕಡೆ ಕಪ್ಪಾಗುತ್ತಿದ್ದ ಗುಡ್ಡಗಳ ಸಾಲನ್ನು ನೋಡುತ್ತಾ ನಿಂತಳು. ಆಮೇಲೆ ಕೈ ಬಿಟ್ಟು, ಮರಳಲ್ಲಿ ಕೂತು, ಚೆಲ್ಲಿದ ಮೀನನ್ನು ಒಂದೊಂದಾಗಿ ಹೆಕ್ಕಿ, ಮರಳು ಕೊಡವಿ ಬುಟ್ಟಿಗೆ ಹಾಕತೊಡಗಿದಳು. ದಿನೇಶನೂ ನೋಯುವ ಮಂಡಿ ಊರಿ ಎದುರು ಕೂತು ಹೆಕ್ಕಿದ. ಅಲೆ ಬಂದು ಬಂದು ಹೋಗುತ್ತಿತ್ತು.

"ನಂಗೆ ಅವನ ಬಾಯಿಂದ ಕೇಳ್ಬೇಕು," ಎಂದಳು ಕೊನೆಗೆ, ತಲೆ ಎತ್ತದೆ. "ನನ್ನ ತಮ್ಮ ಕಡೇಗೆ ಎಂತ ಹೇಳಿದ ಅಂತ. ನಾಳೆ ಬೆಳಿಗ್ಗೆ ನನ್ನ ಅಲ್ಲಿಗೆ ಕರ್ಕಂಡು ಹೋಗು, ದಿನೇಶಣ್ಣ."

ಎರಡನೇ ಸಲವೂ ಅವಳಿಗೆ ತಾನು ಏನು ಕರೆದೆ ಎಂಬ ಪರಿವೆ ಇರಲಿಲ್ಲ. ದಿನೇಶನಿಗೆ ಇತ್ತು. ಅವನು ಕೈಯಲ್ಲಿದ್ದ ಮೀನಿನ ಮರಳು ಕೊಡವಿ ಬುಟ್ಟಿಗೆ ಹಾಕಿದ.

"ಆತು," ಎಂದ. "ಬೇಗ ಹೊರಡುವ. ಏರು ಬಹಳ ಇದೆ."